ಕಪ್ಪು ಗೋಡೆಯ ಕೋಣೆ

ಜನವರಿಯ ಒಂದು ಬೆಳಿಗ್ಗೆ, ಲೇಹ್ ಆಸ್ಪತ್ರೆಯ ಬಾಣಂತಿ ವಾರ್ಡಿನ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕಿಯೂ ಅವಳಿಗೆ ಹೊಸ ಕೋಣೆ ಕಟ್ಟಿಕೊಟ್ಟ ಮೇಸ್ತ್ರಿಯೂ ಕೂತಿದ್ದರು.

"ಆಬಿ, ಚಳಿಗಾಲ ಮುಗಿಯೋವರೆಗೆ ಸೊಸೆ, ಕೂಸು ಇಲ್ಲೇ ನಿಮ್ಮ ತಂಗಿ ಮನೇಲಿರ್ತಾರೆ ಅಂದಿದ್ರಿ, ಈಗ ಊರಿಗೆ ಕರ್ಕೊಂಡು ಹೋಗ್ತೀನಿ ಅಂತೀರಲ್ಲ?" ಮೇಸ್ತ್ರಿ ಕೇಳಿದ. ಅಲ್ಲಿ ಅಜ್ಜಿಗೆ ಆಬಿ ಅನ್ನುತ್ತಾರೆ.

"ಅಂದಿದ್ದೆ. ಒಲೆಯಿಲ್ಲದ ಕೋಣೆ ಕಟ್ಟಿಟ್ಟೆ ನೀನು. ಮೊದಲ ರಾತ್ರೀನೇ ನನ್ನ ಹಲ್ಲು ಕಟಕಟ. ಇರೋದೇ ನಾಲ್ಕು."

"ಗಾಜಿನ ಹಿಂದಿನ ಕಪ್ಪು ಗೋಡೇನೇ ಒಲೆ ಅಂದಿದ್ನಲ್ಲ. ಹಗಲು ಬಿಸಿಲು ಹೀರುತ್ತೆ, ರಾತ್ರಿ ಒಳಗೆ ಕಾವು ಬಿಡುತ್ತೆ."

"ಚಳಿ ಬರಬಾರದು ಅಂತ ಆ ಗೋಡೆಗೇ ಒಳಗಿಂದ ಕಂಬಳಿ ಹೊದಿಸಿದ್ದೆ."

"ಅಯ್ಯೋ! ಒಲೆಗೇ ಕಂಬಳಿನಾ?"

"ನಗಬೇಡ, ನುರ್ಬು. ಕೂಸಿಗೆ ಸುತ್ತೋಕೆ ಅಂತ ನಿನ್ನೆ ರಾತ್ರಿ ಅದನ್ನ ತೆಗೆದೆ. ಗೋಡೆಗೆ ಕೈ ಇಟ್ಟರೆ ಹಸುವಿನ ಪಕ್ಕೆ ಮುಟ್ಟಿದ ಹಾಗಿತ್ತು. ಹೊರಗೆ ಹೊಳೇನೇ ಹೆಪ್ಪುಗಟ್ಟಿದೆ, ಒಳಗೆ ಚೊಂಬಿನ ನೀರು ನೀರಾಗೇ ಇತ್ತು! ಬೆಂಕಿಯಿಲ್ಲ, ಹೊಗೆಯಿಲ್ಲ. ಬೆನ್ನು ಕೊಟ್ಟು ಬೆಳಗಾಗೋವರೆಗೆ ಕೂತೇ ಇದ್ದೆ."

ಮೇಸ್ತ್ರಿಯ ನಗು ನಿಂತಿತು. "ನಿಜವಾಗ್ಲೂ ನೀರು ಹೆಪ್ಪುಗಟ್ಟಲಿಲ್ವಾ?"

"ಕಟ್ಟಿದವನು ನೀನು, ನನ್ನ ಕೇಳ್ತೀಯಾ?"

"ತರಬೇತೀಲಿ ಹೇಳಿಕೊಟ್ಟ ಹಾಗೆ ಕಟ್ಟಿದೆ, ಆಬಿ. ಅಂಥ ಕೋಣೇಲಿ ನಾನೇ ಮಲಗಿಲ್ಲ."

ನರ್ಸ್ ಬಂದು ಕೂಸನ್ನು ಮುದುಕಿಯ ಕೈಗಿಟ್ಟಳು. ಹಿಂದೆಯೇ ಸೊಸೆ ಬಂದಳು.

"ಗಾಡಿ ಬಾಗಿಲಿಗೇ ತಾ, ನುರ್ಬು. ಮನೆಗೆ ಹೋಗೋಣ."

"ನಾನೂ ಒಂದ್ಸಲ ಗೋಡೆ ಮುಟ್ಟಿ ನೋಡ್ಲಾ?"

"ಮೊದಲು ಕೂಸು," ಅಂದಳು ಮುದುಕಿ, ನಡೆಯುತ್ತಲೇ.