ಬಾಕಿ ಉಳಿದ ಕೊನೆಯ ಕುಳಿ

ಮೂಳೆ ಡಾಕ್ಟರ ಕೋಣೆಯ ಹೊರಗೆ ಕೂತಿದ್ದ ಅಜ್ಜಿಯ ಕಿವಿ ಪಕ್ಕದ ಬೆಂಚಿನತ್ತಲೇ ಇತ್ತು. ಅಲ್ಲಿದ್ದ ಇಬ್ಬರು ಹಿರಿಯರೂ ಒಂದು ಕಾಲಕ್ಕೆ ಗಾಲ್ಫ್ ಆಡಿಯೇ ಹೊಟ್ಟೆ ಹೊರೆದವರು. ಒಬ್ಬರ ಮಂಡಿಗೆ ಪಟ್ಟಿ ಇತ್ತು.

“ಅವತ್ತು ಮಳೆ ಬರದಿದ್ದರೆ ಗೆಲುವು ನನ್ನದೇ,” ಎಂದರು ಪಟ್ಟಿಯವರು.

“ಸಮಸಮ ಇದ್ವಿ ಕಣಯ್ಯಾ. ಒಂದು ಕುಳಿ ಬಾಕಿ ಇತ್ತು.”

“ಮರುವರ್ಷ ಆಡಿಸ್ತೀವಿ ಅಂದವರು ಟೂರ್ನಿಯನ್ನೇ ಮುಚ್ಚಿಬಿಟ್ರು.”

“ಕಪ್ಪಿನ ಮೇಲೆ ಕೊನೇ ಹೆಸರು ಇನ್ನೂ ಕೆತ್ತಿಲ್ಲವಂತೆ.”

“ಇವತ್ತು ಡಾಕ್ಟರು ಹೂಂ ಅಂದ್ರೆ, ಆ ಕುಳಿ ಆಡೇಬಿಡೋಣ.”

“ಸೋತರೆ ಮಂಡಿ ಮೇಲೆ ಗೂಬೆ ಕೂರಿಸಬೇಡ. ಮಳೆ ಮೇಲೆ ಕೂರಿಸಿದ್ದು ಸಾಕು.”

ಪಟ್ಟಿಯವರು ಒಳಹೋಗಿ ಬಂದರು.

“ಏನಂದ್ರು?”

“ಆಡಿ, ಆದರೆ ನಿಧಾನಕ್ಕೆ ಅಂದ್ರು.”

“ನೀನು ಬೇಗ ಆಡಿದ್ದಾದರೂ ಯಾವಾಗ?”

ಹಾಗೆನ್ನುತ್ತಲೇ ಅವರು ಬಗ್ಗಿ ಗೆಳೆಯನ ಬೂಟಿನ ಲೇಸು ಕಟ್ಟಿದರು. ಮೊದಲ ಹೊಡೆತ ಯಾರದೆಂದು ಜಗಳವಾಡುತ್ತಾ, ತೋಳಿಗೆ ತೋಳು ಕೊಟ್ಟು ಇಬ್ಬರೂ ಮೆಟ್ಟಿಲಿಳಿದರು.