ಗುಣವಾದ ಬಿಲ್ಲೆ

ಕಳಮಶ್ಶೇರಿ ಮೆಟ್ರೊ ನಿಲ್ದಾಣದ ಬೆಂಚಿನಲ್ಲಿ ಸುತ್ತಲಿನ ಮಲಯಾಳದ ನಡುವೆ ಪಕ್ಕದಿಂದ ಕನ್ನಡ ಕೇಳಿ ಕಿವಿ ಅತ್ತ ಹೋಯಿತು. ಕೊರಳಲ್ಲಿ ಲ್ಯಾಬಿನ ಗುರುತಿನ ಚೀಟಿ ಹಾಕಿಕೊಂಡ ಇಬ್ಬರು ಹೆಂಗಸರು. ಹಿರಿಯರು ಕೇಳುತ್ತಿದ್ದರು.

“ನಿನ್ನ ಬಿಲ್ಲೆ ಎಂತ ಆಯ್ತು ಪ್ರತೀಕ್ಷಾ? ಒಡೆದುಹೋಯ್ತಾ?”

“ಇಲ್ಲ ವಸಂತಕ್ಕ. ಒಂದು ಬಿರುಕೂ ಇಲ್ಲ. ಅದೇ ಗ್ರಹಚಾರ.”

“ರಿಯಾಕ್ಟರಿಗೆ ಹಾಕುವ ಸೆರಾಮಿಕ್ ಅಲ್ವಾ? ಗಟ್ಟಿ ಇದ್ರೆ ಒಳ್ಳೇದಲ್ವಾ?”

“ವಿಕಿರಣದಿಂದ ಎಷ್ಟು ಹಾಳಾಗ್ತದೆ ಅಂತ ನೋಡ್ಲಿಕ್ಕೆ ವರ್ಷವಿಡೀ ಸರದಿ ಕಾದು, ವಿಕಿರಣ ಹಾಯಿಸಿ ತಂದದ್ದು. ತಂದವಳೇ ಜಿಡ್ಡು ಸುಟ್ಟುಹೋಗ್ಲಿ ಅಂತ ಫರ್ನೇಸಿಗೆ ಇಟ್ಟೆ.”

“ಯಾವಾಗ್ಲೂ ಹಾಗೇ ಮಾಡುದಲ್ವಾ ನೀವು?”

“ಹೌದು. ಆದ್ರೆ ಆ ಬಿಸಿಗೆ, ಜಾಗ ತಪ್ಪಿದ ಪರಮಾಣುಗಳೆಲ್ಲ ಪುನಃ ಜಾಗಕ್ಕೆ ಬಂದು ಕೂತವು. ಅಳೆಯುವ ಮೊದಲೇ ಬಿದ್ದ ಪೆಟ್ಟು ಮಾಯ.”

“ಸರ್‌ಗೆ ಹೇಳಿದ್ಯಾ?”

“ಹೇಳ್ಲಿಕ್ಕೇ ಹೋದೆ. ಅವರು ರಿಸಲ್ಟ್ ನೋಡಿ, ಇಷ್ಟು ಗಟ್ಟಿ ಸೆರಾಮಿಕ್ ಯಾರೂ ಮಾಡ್ಲಿಲ್ಲ ಅಂತ ಎಲ್ಲರಿಗೂ ಚಾಯ ತರಿಸಿದ್ರು.”

“ನೀನು ಎಂತ ಹೇಳಿದೆ?”

“ಚಾಯ ಕುಡಿದೆ.”

ರೈಲು ಬಂತು. ವಸಂತಕ್ಕ ಅವಳ ಬ್ಯಾಗನ್ನೂ ತಾವೇ ಎತ್ತಿಕೊಂಡರು.

“ಏಳು ಮಾರಾಯ್ತಿ. ಸರ್ ಇನ್ನೂ ಮನೆಗೆ ಹೋಗಿರ್ಲಿಕ್ಕಿಲ್ಲ.”

ರೈಲು ಹತ್ತದೆ, ಇಳಿದವರ ಹಿಂದೆ ಇಬ್ಬರೂ ನಿಧಾನವಾಗಿ ಮೆಟ್ಟಿಲಿಳಿದು ಹೋದರು.