ಎಶು ಹೊರದ ಮಾತು

ಹೂಂಗುಟ್ಟೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಗೋಡೆಗೆ ಒರಗಿ. ಏಳು ಕಡಲಿನಾಚೆ ಬ್ರೆಜಿಲ್ ಅಂತ ಒಂದು ನಾಡು. ಅಲ್ಲೊಂದು ಬಂದರೂರು, ಹೆಸರು ನನಗೂ ಗೊತ್ತಿಲ್ಲ. ಆ ಊರಿನವರ ಹಿರಿಯರನ್ನ ಆಫ್ರಿಕಾದಿಂದ ಸರಪಳಿ ಹಾಕಿ ಹಡಗಲ್ಲಿ ತಂದಿದ್ದರು. ಕೈಯಲ್ಲಿ ಏನೂ ತರೋಕೆ ಬಿಡಲಿಲ್ಲ. ದೇವರನ್ನ ಮಾತ್ರ ಎದೇಲಿಟ್ಟುಕೊಂಡು ಬಂದರು.

ಆ ದೇವರುಗಳಲ್ಲಿ ಒಬ್ಬ ಎಶು. ಮಾತು ಹೊರೋ ದೇವರು. ನಮ್ಮ ಮಾತು ದೇವರಿಗೆ, ದೇವರ ಮಾತು ನಮಗೆ, ಒಬ್ಬರದು ಇನ್ನೊಬ್ಬರಿಗೆ. ಅದಕ್ಕೇ ಅಲ್ಲಿ ಯಾವ ಪೂಜೆಗೂ ಮೊದಲ ತುತ್ತು ಅವನದೇ.

ಕೇಳಿ. ಆ ಊರಲ್ಲಿ ಅಕ್ಕ ಜೆಫೆರೀನಾ, ತಂಗಿ ಇದಲೀನಾ. ಇಬ್ಬರೂ ಅಲಸಂದೆ ವಡೆ ಕರಿದು ಮಾರೋರು. ಒಂದು ದಿನ ಅಕ್ಕ ರೇಗಿದಳು. "ನಿನ್ನ ಕೆಟ್ಟ ಕಣ್ಣಿಂದ ವ್ಯಾಪಾರ ಹಾಳಾಯ್ತು. ಈ ಹೊಸಿಲು ತುಳೀಬೇಡ!" ತಂಗಿ ಹೋದವಳು ಹೋದಳು. ಎಲ್ಲಿಗೆ? ಯಾರಿಗೆ ಗೊತ್ತು?

ವರ್ಷ ಕಳೀತು. ಇವರ ತಾಯಿ, ಹೆಸರು ಬೆನ್ವಿಂದಾ, ಅವಳಿಗೆ ಕಣ್ಣು ಮಂಜಾಯಿತು. "ಕಣ್ಣು ಪೂರ್ತಿ ಹೋಗೋ ಮುಂಚೆ ಚಿಕ್ಕೋಳ ಮುಖ ಒಂದ್ಸಲ ನೋಡ್ಬೇಕು ಕಣೇ" ಅಂದಳು. ಜೆಫೆರೀನಾ ಪೂಜೆಮನೆಯ ಅಜ್ಜಿ ದೊರೊತೆಯಾ ಹತ್ತಿರ ಓಡಿದಳು.

"ಸೋಮವಾರ ಎಶು ದಿನ. ತಾಳೆ ಎಣ್ಣೇಲಿ ಹಿಟ್ಟು ಹುರಿದು ನಾಲ್ಕು ದಾರಿ ಕೂಡೋ ಕಡೆ ಇಡು. ಯಾವ ರೂಪದಲ್ಲಿ ಬರ್ತಾನೋ ಗೊತ್ತಿಲ್ಲ, ಹೇಳೋದನ್ನ ಅವನಿಗೆ ಹೇಳು" ಅಂದಳು ಅಜ್ಜಿ.

ಮೊದಲ ಸೋಮವಾರ. ಹಿಟ್ಟಿಟ್ಟು ಹೇಳಿದಳು: "ತಾನಾಗೇ ಹೋದವಳು ತಾನಾಗೇ ಬರಲಿ." ಕೋಲೂರಿಕೊಂಡು ಒಬ್ಬ ಮುದುಕ ಬಂದ. ಹಿಟ್ಟು ತಿಂದ. "ಈ ಮಾತಿಗೆ ಕಾಲಿಲ್ಲ ತಾಯಿ" ಅಂತ ಹೊರಟೇಹೋದ.

ಎರಡನೇ ಸೋಮವಾರ. ತಾಯಿಗೆ ದೀಪದ ಕುಡಿ, ಮೂಗಿನ ಹತ್ತಿರ ಹಿಡಿದದ್ದು ಬಿಟ್ಟು ಬೇರೇನೂ ಕಾಣದು. "ತಪ್ಪು ಯಾರದಾದರೂ ಇರಲಿ, ನಾನು ಕ್ಷಮಿಸಿದ್ದೀನಿ ಅಂತ ಹೇಳಪ್ಪ." ಕೆಂಪು ಲಂಗದ ಹೆಂಗಸೊಬ್ಬಳು ಬಂದು ಹಿಟ್ಟು ತಿಂದು ಗಹಗಹಿಸಿ ನಕ್ಕಳು. "ಈ ಮಾತೂ ಹೊಳೆ ದಾಟಲ್ಲ ಕಣವ್ವ!"

ಮೂರನೇ ಸೋಮವಾರ. ಕೆಂಪು ಕಪ್ಪು ಟೋಪಿಯ ತರುಣ ಆಗಲೇ ಬಂದು ಕೂತಿದ್ದ. ಜೆಫೆರೀನಾ ಹಿಟ್ಟಿಟ್ಟು, ಅವನೆದುರು ಮಣ್ಣಲ್ಲೇ ಕೂತಳು.

"ಗಿರಾಕಿಗಳೆಲ್ಲ ಅವಳ ಕೈರುಚಿ ಹುಡುಕಿ ಬರೋರು. ನನಗೆ ಹೊಟ್ಟೆ ಉರೀತು. ಕೆಟ್ಟ ಕಣ್ಣು ಅಂದಿದ್ದು ಸುಳ್ಳು. ನಾನೇ ಓಡಿಸಿದೆ. ಅಮ್ಮನಿಗೆ ಮಾತ್ರ ಅಲ್ಲ, ನನಗೂ ಅವಳು ಬೇಕು."

ತರುಣ ಹಿಟ್ಟು ಮುಟ್ಟಲೇ ಇಲ್ಲ. ಎದ್ದವನೇ ಓಡಿದ.

ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಯಾರು? ಇದಲೀನಾ! ತಾಯಿ ಎರಡು ಕೈಯಲ್ಲಿ ಅವಳ ಮುಖ ಹಿಡಿದು, ಬಿಸಿಲಿಗೆ ತಿರುಗಿಸಿ, ಮೂಗಿಗೆ ಮೂಗು ತಾಗಿಸಿ ನೋಡಿದಳು. "ಕಂಡೆ ಕಣೇ. ಸ್ವಲ್ಪ ಸೊರಗಿದೀಯ."

ಅಕ್ಕ ಮೂಲೇಲಿ ನಿಂತು ಕೇಳಿದಳು, "ಸುದ್ದಿ ಯಾರು ಹೇಳಿದರು? ಮುದುಕನಾ, ಕೆಂಪು ಲಂಗದೋಳಾ, ಟೋಪಿಯವನಾ?"

ತಂಗಿ ಬೆರಗಾದಳು. "ಇದೇನಕ್ಕಾ ಹೀಗಂತೀಯ? ನೀನೇ ಬಂದಿದ್ದೆಯಲ್ಲ! ಸಂತೇಲಿ ನನ್ನೆದುರು ನಿಂತು, ಅಳ್ತಾ, ಎಲ್ಲಾನೂ ನೀನೇ ಹೇಳಿದೆ." ಜೆಫೆರೀನಾ ಆ ಸಂತೆ ಕಡೆ ಹೋದವಳೇ ಅಲ್ಲ.

ಅವರು ಅಲ್ಲಿ ಒಟ್ಟಿಗೆ ಉಂಡರು, ನಾವಿಲ್ಲಿ ಒಟ್ಟಿಗೆ ಕೇಳಿದೆವು. ನಿಮ್ಮನೆಗೂ ಒಳ್ಳೇ ಸುದ್ದಿ ಬರಲಿ, ಏಳಿ.